ಬೆರಳು ಕಾಯುವ ಗರಗಸ: ಮೂರು ಟೇಬಲ್ ಸಾಗಳಲ್ಲಿ ಮರ ಕೊಯ್ದು ನೋಡಿದ ಮೇಲೆ

ಟೇಬಲ್ ಸಾ, ಅಂದರೆ ಮೇಜಿನ ಸೀಳಿನಿಂದ ಮೇಲೆದ್ದು ತಿರುಗುವ ದುಂಡು ಬ್ಲೇಡಿನ ಗರಗಸ, ಕೊಳ್ಳಲು ಹೊರಟವರು ಮೊದಲು ಕೇಳುವುದು ಒಂದೇ ಪ್ರಶ್ನೆ: ಬೆರಳು ತಾಗಿದೊಡನೆ ನಿಲ್ಲುವ ಯಂತ್ರಕ್ಕೆ ಅಷ್ಟೊಂದು ಹಣ ಸುರಿಯಬೇಕೇ? ಕೈಗೆಟಕುವಂತಿದ್ದರೆ ಖಂಡಿತ ಸುರಿಯಿರಿ ಎನ್ನುತ್ತೇನೆ. ಆದರೆ ಆ ಹಣ ಯಾವ ಅಪಾಯವನ್ನು ತಡೆಯುತ್ತದೆ, ಯಾವುದನ್ನು ತಡೆಯುವುದಿಲ್ಲ ಎಂಬುದು ತಿಳಿದಿರಬೇಕು. ಅಮೆರಿಕದ ಆರೆಗನ್‌ನಲ್ಲಿ ನಾನು ಹೋಗುವ ಸಾಮುದಾಯಿಕ ಮರಗೆಲಸದ ಶಾಲೆಯಲ್ಲಿ ಇಂಥ ಬ್ರೇಕ್ ಇರುವ ಸಾಸ್ಟಾಪ್ ಎಂಬ ಯಂತ್ರ ಇದೆ. ಗೆಳೆಯರೊಬ್ಬರ ಗ್ಯಾರೇಜಿನಲ್ಲಿ ಬಾಷ್ ಕಂಪನಿಯ ರಿಯಾಕ್ಸ್ ಇದೆ. ನನ್ನ ಮನೆಯಲ್ಲಿರುವುದು ಬ್ರೇಕ್ ಇಲ್ಲದ ಹಳೆಯ ಯಂತ್ರ. ಮೂರರದ್ದೂ 10 ಅಂಗುಲದ ಬ್ಲೇಡ್.

ನಿಮಿಷಕ್ಕೆ 4,000 ಸುತ್ತು ತಿರುಗುವ ಇಂಥ ಬ್ಲೇಡಿನ ಹಲ್ಲು ಗಂಟೆಗೆ ಸುಮಾರು 190 ಕಿಲೋಮೀಟರ್ ವೇಗದಲ್ಲಿರುತ್ತದೆ. ಅಮೆರಿಕದಲ್ಲಿ ವರ್ಷಕ್ಕೆ ಸುಮಾರು 30,000 ಮಂದಿ ಟೇಬಲ್ ಸಾ ಬ್ಲೇಡು ತಗುಲಿ ತುರ್ತು ಚಿಕಿತ್ಸೆಗೆ ಹೋಗುತ್ತಾರೆ ಎಂದು ಅಲ್ಲಿನ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ಅಂದಾಜಿಸಿದೆ. ಸ್ಟೀವ್ ಗ್ಯಾಸ್ ಎಂಬ ಭೌತವಿಜ್ಞಾನಿ, ವೃತ್ತಿಯಲ್ಲಿ ಪೇಟೆಂಟ್ ವಕೀಲ, ಇದಕ್ಕೊಂದು ದಾರಿ ಹುಡುಕಿದರು; ಅದೇ ಸಾಸ್ಟಾಪ್. ಸಾಸ್ಟಾಪ್‌ನ ಬ್ಲೇಡಿನಲ್ಲಿ ಸಣ್ಣದೊಂದು ವಿದ್ಯುತ್ ಸಂಕೇತ ಸದಾ ಹರಿಯುತ್ತಿರುತ್ತದೆ. ಒಣ ಮರ ಅದನ್ನು ಕದಲಿಸುವುದಿಲ್ಲ, ಚರ್ಮ ತಾಗಿದರೆ ಕದಲುತ್ತದೆ. ಆ ಕ್ಷಣವೇ ಒಂದು ತೆಳು ತಂತಿ ಸುಟ್ಟು, ಅದು ಹಿಡಿದಿಟ್ಟಿದ್ದ ಸ್ಪ್ರಿಂಗ್ ಬಿಚ್ಚಿಕೊಂಡು ಅಲ್ಯೂಮಿನಿಯಂ ತುಂಡೊಂದನ್ನು ಬ್ಲೇಡಿಗೆ ಒತ್ತುತ್ತದೆ. 5 ಮಿಲಿಸೆಕೆಂಡಿನೊಳಗೆ ಬ್ಲೇಡು ನಿಲ್ಲುತ್ತದೆ, ತನ್ನದೇ ರಭಸಕ್ಕೆ ಮೇಜಿನಡಿಗೆ ಇಳಿಯುತ್ತದೆ. ಸ್ವಿಚ್ ಆರಿಸಿದ ಮೇಲೆ ಬ್ಲೇಡು ಸುಮ್ಮನೆ ತಿರುಗುತ್ತಿರುವಾಗಲೂ ಈ ಕಾವಲು ಎಚ್ಚರವಾಗಿರುತ್ತದೆ. ನನಗೆ ಅತಿ ಹೆಚ್ಚು ನೆಮ್ಮದಿ ಕೊಟ್ಟಿರುವ ಗುಣ ಇದು. ಕೆಲಸ ಮುಗಿಯಿತೆಂದು ತುಂಡು ತೆಗೆಯಲು ಕೈ ಚಾಚುವುದು ಆಗಲೇ ಅಲ್ಲವೇ!

ಆದರೆ ಸಾಸ್ಟಾಪ್‌ಗೆ ಚರ್ಮ ಯಾವುದು, ಲೋಹ ಯಾವುದು ಎಂಬ ವಿವೇಚನೆಯಿಲ್ಲ. ಶಾಲೆಯಲ್ಲಿ ಒಮ್ಮೆ ಅಡ್ಡ ಕೊಯ್ಯುವಾಗ ಹಲಗೆಯನ್ನು ಆನಿಸಿ ತಳ್ಳುವ ಮೈಟರ್ ಗೇಜಿನ ಅಲ್ಯೂಮಿನಿಯಂ ತುದಿ ಬ್ಲೇಡಿಗೆ ತಾಗಿ ಬ್ರೇಕ್ ಬಿದ್ದಿತು. ಬಂದೂಕು ಸಿಡಿದಂಥ ಸದ್ದು, ಮರುಕ್ಷಣ ಮೇಜಿನ ಮೇಲೆ ಬ್ಲೇಡೇ ಇಲ್ಲ. ಆಮೇಲೆ ಮೇಜಿನ ಬಾಯಿ ಮುಚ್ಚಿದ್ದ ತಟ್ಟೆ ತೆಗೆದು ಬ್ರೇಕಿನ ಭಾಗಗಳಿರುವ ಪೆಟ್ಟಿಗೆಯನ್ನು, ಅಂದರೆ ಕಾರ್ಟ್ರಿಡ್ಜನ್ನು, ಹೊರಗೆಳೆದಾಗ ಬ್ಲೇಡೂ ಅದಕ್ಕೆ ಕಚ್ಚಿಕೊಂಡೇ ಬಂದಿತು. ಹಲ್ಲುಗಳು ಅಲ್ಯೂಮಿನಿಯಮ್ಮಿನೊಳಗೆ ಆಳವಾಗಿ ಹೂತಿದ್ದವು, ಕೆಲವು ಹಲ್ಲಿನ ಕಾರ್ಬೈಡ್ ತುದಿ ಹಾರಿಹೋಗಿತ್ತು. ಹೊಸ ಕಾರ್ಟ್ರಿಡ್ಜಿಗೆ ಸುಮಾರು 100 ಡಾಲರ್, ಒಳ್ಳೆಯ ಬ್ಲೇಡಿನ ಬೆಲೆ ಬೇರೆ. ಹಸಿ ಮರ, ಮೊಳೆ ಹೊಕ್ಕ ಹಳೆಯ ಹಲಗೆ ಇವೂ ಬ್ರೇಕ್ ಬೀಳಿಸಬಲ್ಲವು. ಅನುಮಾನ ಬಂದರೆ ಬ್ರೇಕನ್ನು ತಾತ್ಕಾಲಿಕವಾಗಿ ತಡೆದಿಡುವ ಬೈಪಾಸ್ ಕೀಲಿ ತಿರುಗಿಸಿ ಒಂದು ಚೂರು ಕೊಯ್ದು ನೋಡಬೇಕು. ಕೆಂಪು ದೀಪ ಹೊತ್ತಿದರೆ ಆ ಮರ ಬ್ರೇಕ್ ಬೀಳಿಸುತ್ತಿತ್ತೆಂದು ಅರ್ಥ. ಯಂತ್ರ ಆರಿಸಿ ಮತ್ತೆ ಶುರು ಮಾಡಿದರೆ ಬೈಪಾಸ್ ತಾನಾಗಿ ರದ್ದಾಗುತ್ತದೆ. ಮರೆವಿನ ಮನುಷ್ಯರಿಗೆ ಇದು ಸರಿಯಾದ ವ್ಯವಸ್ಥೆ.

ರಿಯಾಕ್ಸ್ ಇಲ್ಲಿ ಗೆಲ್ಲುತ್ತದೆ. ಅದೂ ಸ್ಪರ್ಶವನ್ನೇ ಗುರುತಿಸುತ್ತದೆ, ಆದರೆ ಬ್ಲೇಡನ್ನು ಕಚ್ಚಿ ನಿಲ್ಲಿಸುವುದಿಲ್ಲ. ಕಾರಿನ ಏರ್‌ಬ್ಯಾಗಿನಂತೆ ಅನಿಲ ಸಿಡಿಸಿ ಅದನ್ನು ಮೇಜಿನ ಕೆಳಕ್ಕೆ ತಳ್ಳುತ್ತದೆ. ಬ್ಲೇಡು ಉಳಿಯುತ್ತದೆ. ಒಂದೇ ಕಾರ್ಟ್ರಿಡ್ಜನ್ನು ತಿರುಗಿಸಿ ಹಾಕಿ ಎರಡನೆಯ ಬಾರಿಗೂ ಬಳಸಬಹುದು. ಉಪಾಯದ ಮಟ್ಟಿಗೆ ಇದೇ ಮೇಲು ಎಂದು ನನ್ನ ಖಚಿತ ಅಭಿಪ್ರಾಯ. ಆದರೆ ಸಾಸ್ಟಾಪ್ ಪೇಟೆಂಟ್ ಮೊಕದ್ದಮೆ ಹೂಡಿತು. 2017ರಲ್ಲಿ ಅಮೆರಿಕದ ಅಂತರರಾಷ್ಟ್ರೀಯ ವ್ಯಾಪಾರ ಆಯೋಗ ರಿಯಾಕ್ಸ್ ಆಮದಿಗೆ ತಡೆ ಹಾಕಿತು. ಹೊಸದಾಗಿ ಕೊಳ್ಳುವವರಿಗೆ ಅದನ್ನು ಶಿಫಾರಸು ಮಾಡಲಾರೆ. ಇಷ್ಟು ಒಳ್ಳೆಯ ಉಪಾಯ ವ್ಯಾಜ್ಯದಲ್ಲಿ ಕಮರಿದ್ದಕ್ಕೆ ನನಗೆ ಇಂದಿಗೂ ಸಂಕಟವಾಗುತ್ತದೆ.

ಇನ್ನು ಬ್ರೇಕ್ ಯಾವುದಕ್ಕೆ ಒದಗುವುದಿಲ್ಲ ಎಂಬ ವಿಷಯ. ಸೀಳಿದ ಹಲಗೆಯ ಎರಡು ಭಾಗಗಳು ಒಳಗೆ ಬಾಗಿ ಬ್ಲೇಡಿನ ಹಿಂಬದಿಯನ್ನು ಅಮುಕಿದರೆ, ಅಥವಾ ಹಲಗೆ ತನಗೆ ಆನಿಕೆಯಾಗಿರುವ ಉದ್ದ ಪಟ್ಟಿ, ಅಂದರೆ ಫೆನ್ಸ್‌ನಿಂದ ಸರಿದು ಓರೆಯಾದರೆ, ಹಿಂದಿನಿಂದ ಮೇಲೇರುವ ಹಲ್ಲುಗಳು ಅದನ್ನೆತ್ತಿ ನಮ್ಮ ಕಡೆಗೇ ಎಸೆಯುತ್ತವೆ. ಇದೇ ಕಿಕ್‌ಬ್ಯಾಕ್. ಆಗ ಬ್ಲೇಡಿಗೆ ತಾಗಿರುವುದು ಬರೀ ಮರ, ಹಾಗಾಗಿ ಬ್ರೇಕಿಗೆ ಸುಳಿವೇ ಸಿಗುವುದಿಲ್ಲ. ಜೊತೆಗೆ ಹಲಗೆಯ ಮೇಲಿದ್ದ ಕೈಯನ್ನೂ ಅದು ಎಳೆದುಕೊಳ್ಳಬಹುದು. ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ಸರಿಯುವ ಕೈ 5 ಮಿಲಿಸೆಕೆಂಡಿನಲ್ಲಿ 5 ಮಿಲಿಮೀಟರ್ ಮುಂದೆ ಹೋಗಿರುತ್ತದೆ. ಕೈ ಅದಕ್ಕಿಂತ ವೇಗವಾಗಿ ಎಳೆಯಲ್ಪಟ್ಟರೆ ಗಾಯವೂ ಅಷ್ಟೇ ಆಳ. ತಾಗಿದರೆ ಗೀರು ಮಾತ್ರ ಎಂಬ ಮಾತು ಮೆಲ್ಲಗೆ ತಾಗಿದ ಬೆರಳಿಗೆ ಸಲ್ಲುತ್ತದೆ.

ಕಿಕ್‌ಬ್ಯಾಕಿಗೆ ಮದ್ದು ಬ್ಲೇಡಿನ ಬೆನ್ನಿಗೆ ಅಂಟಿದಂತೆ ನಿಲ್ಲುವ ತೆಳು ಲೋಹದ ಪಟ್ಟಿ, ರೈವಿಂಗ್ ನೈಫ್. ಬ್ಲೇಡಿನ ಜೊತೆಗೇ ಏರಿಳಿದು, ಕೊಯ್ದ ಸೀಳು ಮುಚ್ಚಿಕೊಳ್ಳದಂತೆ ತಡೆಯುತ್ತದೆ. ಸಾಸ್ಟಾಪ್ ಎರಡನೆಯ ಬಾರಿ ನನ್ನ ಮೆಚ್ಚುಗೆ ಗಳಿಸಿದ್ದು ಇಲ್ಲಿ. ಒಂದು ಹಿಡಿಯನ್ನು ಸಡಿಲಿಸಿದರೆ ಸಾಕು, ಸ್ಪ್ಯಾನರ್ ಇಲ್ಲದೆ ರೈವಿಂಗ್ ನೈಫ್ ತೆಗೆದು ಮುಚ್ಚಳವಿರುವ ಗಾರ್ಡ್ ಕೂರಿಸಬಹುದು. ನನ್ನ ಹಳೆಯ ಯಂತ್ರದಲ್ಲಿರುವುದು ಏರಿಳಿಯದ ಪಟ್ಟಿ. ಹಲಗೆಯಲ್ಲಿ ಉದ್ದ ತೋಡು ಕೊರೆಯಬೇಕಾದರೆ ಬೋಲ್ಟು ಬಿಚ್ಚಿ ತೆಗೆಯಬೇಕು, ಮುಗಿದ ಮೇಲೆ ಮತ್ತೆ ಕೂರಿಸಿ ನೇರ ಮಾಡಬೇಕು. ಇಂಥ ಯಂತ್ರಗಳ ಗಾರ್ಡುಗಳು ಗೋಡೆಯ ಮೊಳೆಯಲ್ಲಿ ಧೂಳು ಹಿಡಿದು ನೇತಾಡುವುದು ಈ ಕಾರಣಕ್ಕೇ. ಅಂಗಡಿಗೆ ಹೋದಾಗ ಬ್ರೇಕಿನ ವಿವರಣೆ ಕೇಳುವ ಮುನ್ನ ಗಾರ್ಡನ್ನು ನೀವೇ ಒಮ್ಮೆ ತೆಗೆದು ಮತ್ತೆ ಕೂರಿಸಿ ನೋಡಿ.

ಯಂತ್ರ ಯಾವುದೇ ಇರಲಿ, ಬ್ಲೇಡಿನ ನೇರಕ್ಕೆ ನಿಲ್ಲದೆ ಪಕ್ಕಕ್ಕೆ ನಿಲ್ಲುತ್ತೇನೆ. ಕೈಗವಸು ಹಾಕುವುದಿಲ್ಲ. ಸಣ್ಣ ಪಟ್ಟಿ ಸೀಳುವಾಗ ತಳ್ಳುಕೋಲು ಕೈಯಲ್ಲಿರುತ್ತದೆ. ಅಡ್ಡ ಕೊಯ್ಯುವಾಗ ತುಂಡಿನ ತುದಿಯನ್ನು ಫೆನ್ಸ್‌ಗೆ ತಾಗಿಸುವುದಿಲ್ಲ. ಕತ್ತರಿಸಿದ ತುಂಡು ಫೆನ್ಸ್ ಮತ್ತು ಬ್ಲೇಡಿನ ನಡುವೆ ಸಿಕ್ಕರೆ ಸಿಡಿಯುತ್ತದೆ.

ಬೆಂಗಳೂರಿಗೆ ಬಂದಾಗ ಫ್ಲ್ಯಾಟುಗಳ ಒಳಾಂಗಣ ಕೆಲಸ ನಡೆಯುವಲ್ಲಿ ಬೇರೆಯೇ ಟೇಬಲ್ ಸಾ ಕಾಣುತ್ತದೆ. ಕೈಯಲ್ಲಿ ಹಿಡಿಯುವ ಸರ್ಕ್ಯುಲರ್ ಸಾ ಯಂತ್ರವನ್ನು ಪ್ಲೈವುಡ್ ಮೇಜಿನಡಿ ತಲೆಕೆಳಗಾಗಿ ಬಿಗಿದು, ಸ್ವಿಚ್ಚನ್ನು ಒತ್ತಿದಂತೆಯೇ ಕಟ್ಟಿರುತ್ತಾರೆ. ಅಲ್ಲಿ ದುಡಿಯುವ ಬಡಗಿಗೆ ಸಾಸ್ಟಾಪ್ ಕೊಳ್ಳಿ ಎಂದು ಹೇಳುವ ಹಾಗಿಲ್ಲ. ಗುತ್ತಿಗೆದಾರರು ಆ ಮೇಜಿಗೆ ಕೈಗೆ ಸಿಗುವಲ್ಲಿ ಒಂದು ಸ್ವಿಚ್, ಬ್ಲೇಡಿನ ಹಿಂದೆ ಗಟ್ಟಿಯಾಗಿ ನಿಲ್ಲುವ ಒಂದು ಲೋಹದ ಪಟ್ಟಿ, ಎರಡು ತಳ್ಳುಕೋಲು ಒದಗಿಸಲಿ. ಇದಕ್ಕೆ ತಗಲುವ ಹಣ ಒಂದು ಪ್ಲೈವುಡ್ ಹಾಳೆಯ ಬೆಲೆಯನ್ನೂ ಮೀರುವುದಿಲ್ಲ.