ಗೇಮ್‌ಗೆ ಆದ್ಯತೆ ಕೊಡದೆಯೇ ಲ್ಯಾಗ್ ಹೋಯಿತು: ಓಪನ್‌ಡಬ್ಲ್ಯುಆರ್‌ಟಿಯ ‘ಕೇಕ್’ ಜೊತೆ ಎರಡೂವರೆ ವರ್ಷ

ಮೈಸೂರಿನ ನಮ್ಮ ಮನೆಯಲ್ಲಿ ಒಂದೇ ಫೈಬರ್ ಸಂಪರ್ಕವನ್ನು ಆರು ಜನ ಹಂಚಿಕೊಂಡಿದ್ದೇವೆ. ರಾತ್ರಿ ಒಂಬತ್ತರ ಹೊತ್ತಿಗೆ ತಮ್ಮ ವ್ಯಾಲರೆಂಟ್ ಆಡಲು ಕೂರುತ್ತಾನೆ, ಅತ್ತಿಗೆಗೆ ಅಮೆರಿಕದ ತಂಡದೊಂದಿಗೆ ವಿಡಿಯೊ ಮೀಟಿಂಗ್ ಶುರುವಾಗುತ್ತದೆ, ಅಪ್ಪ ಟಿ.ವಿ.ಯಲ್ಲಿ ಯೂಟ್ಯೂಬ್ ಹಾಕಿಕೊಂಡಿರುತ್ತಾರೆ. ಮೊದಲೆಲ್ಲ ಅದು ಜಗಳದ ಹೊತ್ತಾಗಿತ್ತು. ಆಟದ ಮುಂಬೈ ಸರ್ವರ್‌ಗೆ 26 ಮಿಲಿಸೆಕೆಂಡ್ ಇರುತ್ತಿದ್ದ ಪಿಂಗ್ (ಸಂದೇಶ ಹೋಗಿಬರಲು ಹಿಡಿಯುವ ಸಮಯ) ಇದ್ದಕ್ಕಿದ್ದಂತೆ 300 ದಾಟಿ ಆಟ ತಡವರಿಸುತ್ತಿತ್ತು, ಅದೇ ಲ್ಯಾಗ್, ಸ್ವಲ್ಪ ಹೊತ್ತು ಹಾಗೇ ಇದ್ದು ತಾನಾಗಿಯೇ ಇಳಿಯುತ್ತಿತ್ತು. 40 ಎಂಬಿಪಿಎಸ್ ಯೋಜನೆಯನ್ನು 100ಕ್ಕೆ ಏರಿಸಿಕೊಂಡೆವು. ಬಿಲ್ಲು ಏರಿತು, ಪಿಂಗ್ ಮಾತ್ರ ಹಿಂದಿನಂತೆಯೇ ಕುಣಿಯುತ್ತಿತ್ತು.

ಆಗ ಕೊಂಡದ್ದು ‘ಗೇಮಿಂಗ್ ಮೋಡ್’ ಎಂಬ ಗುಂಡಿಯಿರುವ ರೂಟರ್. ಅದರ ಆ್ಯಪ್‌ನಲ್ಲಿ ತಮ್ಮನ ಕಂಪ್ಯೂಟರ್ ಆರಿಸಿ ಮೊದಲ ಆದ್ಯತೆ ಕೊಟ್ಟೆ. ಮೂರು ದಿನ ಎಲ್ಲವೂ ಸುಸೂತ್ರವಾಗಿತ್ತು. ನಾಲ್ಕನೆಯ ದಿನ ಅವನು ಹೊಸ ಗೇಮ್ ಒಂದನ್ನು ಡೌನ್‌ಲೋಡ್‌ಗೆ ಹಾಕಿ ಊಟಕ್ಕೆ ಬಂದ, ಅತ್ತಿಗೆಯ ಮೀಟಿಂಗ್ ನಿಂತೇ ಹೋಯಿತು. ಆ ರೂಟರ್‌ಗೆ ಕಂಪ್ಯೂಟರ್ ಯಾವುದೆಂಬುದಷ್ಟೇ ಗೊತ್ತಿತ್ತೇ ಹೊರತು, ಅದರಿಂದ ಹೋಗುತ್ತಿರುವುದು ಆಟದ ಸಣ್ಣ ಪ್ಯಾಕೆಟ್ಟೋ (ಡೇಟಾದ ತುಣುಕು) ಹತ್ತಾರು ಜಿಬಿಯ ಫೈಲೋ ಎಂಬ ಭೇದ ಗೊತ್ತಿರಲಿಲ್ಲ.

ನಿಜವಾದ ಕಾರಣ ಸಿಕ್ಕಿದ್ದು ಅಮ್ಮನ ಫೋನಿನಲ್ಲಿ. ಯಾತ್ರೆಯಿಂದ ಬಂದ ಸಂಜೆ ಅವರ ಫೋನು ಮನೆಯ ವೈಫೈ ಹಿಡಿದ ಕೂಡಲೇ ನೂರಾರು ಫೋಟೊ, ವಿಡಿಯೊಗಳನ್ನು ತಾನಾಗಿಯೇ ಮೇಲಕ್ಕೆ ಕಳುಹಿಸಲು ತೊಡಗಿತ್ತು. ಪಿಂಗ್ ಏರಿದ್ದು ಸರಿಯಾಗಿ ಆ ಗಳಿಗೆಯಲ್ಲಿ. ಎಲ್ಲರೂ ಡೌನ್‌ಲೋಡ್ ವೇಗವನ್ನೇ ನೋಡುತ್ತಿದ್ದೆವು, ತುಂಬಿಕೊಂಡಿದ್ದು ಅಪ್‌ಲೋಡ್. ಸಂಪರ್ಕ ತುಂಬಿದಾಗ ಮೋಡೆಮ್ ಪ್ಯಾಕೆಟ್‌ಗಳನ್ನು ಕೈಬಿಡುವ ಬದಲು ಬಫರ್ ಎಂಬ ತನ್ನ ತಾತ್ಕಾಲಿಕ ಸಂಗ್ರಹದಲ್ಲಿ ಸಾಲಾಗಿ ಪೇರಿಸಿಡುತ್ತದೆ, ಆಟದ ಪುಟ್ಟ ಪ್ಯಾಕೆಟ್ ಆ ಸಾಲಿನ ತುದಿಯಲ್ಲಿ ನಿಂತು ಕಾಯಬೇಕಾಗುತ್ತದೆ. 40 ಎಂಬಿಪಿಎಸ್ ವೇಗದಲ್ಲಿ ಹತ್ತು ಲಕ್ಷ ಬೈಟ್‌ಗಳ ಸಾಲೊಂದು ಕರಗಲು 200 ಮಿಲಿಸೆಕೆಂಡ್ ಬೇಕು. ಇದಕ್ಕೆ ಬಫರ್‌ಬ್ಲೋಟ್ ಎಂಬ ಹೆಸರಿದೆ.

ಮನೆಯಲ್ಲಿ ಮೂಲೆ ಸೇರಿದ್ದ ಎಂಟಿ7621 ಚಿಪ್‌ನ ಹಳೆಯ ರೂಟರ್‌ಗೆ ಓಪನ್‌ಡಬ್ಲ್ಯುಆರ್‌ಟಿ ಎಂಬ ಉಚಿತ ಫರ್ಮ್‌ವೇರ್ (ರೂಟರ್ ನಡೆಸುವ ತಂತ್ರಾಂಶ) ಹಾಕಿ, ಪ್ಯಾಕೆಟ್‌ಗಳ ಸಾಲನ್ನು ನಿಭಾಯಿಸುವ ಅದರ ಎಸ್‌ಕ್ಯೂಎಂ ಪ್ಯಾಕೇಜಿನಲ್ಲಿ ‘ಕೇಕ್’ ಎಂಬ ವಿಧಾನವನ್ನು ಆರಿಸಿಕೊಂಡದ್ದು ಆಮೇಲೆ. 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್‌ಸನ್ ಪ್ರಕಟಿಸಿದ, ಸಾಲಿನ ಕಾಯುವಿಕೆಯನ್ನು ಹಿಡಿತದಲ್ಲಿಡುವ ಕೋಡೆಲ್ ವಿಧಾನ ಇದರ ಬೇರು. 2018ರಲ್ಲಿ 4.19ನೆಯ ಆವೃತ್ತಿಯೊಂದಿಗೆ ಕೇಕ್, ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಕರ್ನೆಲ್ ಸೇರಿತು. ಅದು ಮಾಡುವ ಕೆಲಸ ಎರಡು. ಸಾಲು ಎಷ್ಟು ಉದ್ದವಿದೆ ಎಂದು ನೋಡದೆ ಪ್ಯಾಕೆಟ್ ಎಷ್ಟು ಹೊತ್ತು ಕಾಯಿತು ಎಂದು ನೋಡುತ್ತದೆ, ಕಾಯುವಿಕೆ 5 ಮಿಲಿಸೆಕೆಂಡ್ ಮೀರಿಯೇ ಉಳಿದರೆ ಕೆಲವನ್ನು ಕೈಬಿಟ್ಟು ಕಳುಹಿಸುವವರಿಗೆ ನಿಧಾನಿಸಲು ಸೂಚಿಸುತ್ತದೆ. ಜೊತೆಗೆ ಮನೆಯ ಪ್ರತಿ ಉಪಕರಣಕ್ಕೂ ಸಮಪಾಲು ಹಂಚುತ್ತದೆ, ಪಾಲಿಗಿಂತ ಕಡಿಮೆ ಬಳಸುವವರನ್ನು ಕಾಯಿಸುವುದಿಲ್ಲ. ಆನ್‌ಲೈನ್ ಆಟಕ್ಕೆ ಬೇಕಾದ ಡೇಟಾ ತೀರ ಕಡಿಮೆಯಾದ್ದರಿಂದ ಅದು ಯಾರೂ ಕೈಹಿಡಿದು ಕರೆದೊಯ್ಯದೆಯೇ ಮುಂದೆ ಹೋಗುತ್ತದೆ. ತಮ್ಮನ ಹೆಸರಿನಲ್ಲಿ ಒಂದು ನಿಯಮವನ್ನೂ ನಾನು ಬರೆದಿಲ್ಲ. ಅತ್ತಿಗೆಯ ಮೀಟಿಂಗ್‌ಗೂ ಅದೇ ಅನುಕೂಲ ದೊರೆತಿದೆ.

ಹೊಂದಿಸುವಾಗ ನಾನು ಎರಡು ದಿನ ವ್ಯರ್ಥ ಮಾಡಿದೆ. ಫೈರ್‌ವಾಲ್ ಪುಟದಲ್ಲಿರುವ ಹಾರ್ಡ್‌ವೇರ್ ಆಫ್‌ಲೋಡಿಂಗ್ (ಪ್ಯಾಕೆಟ್ ದಾಟಿಸುವ ಕೆಲಸವನ್ನು ಚಿಪ್‌ಗೇ ಒಪ್ಪಿಸುವ) ಆಯ್ಕೆಯನ್ನು ಆನ್ ಮಾಡಿಟ್ಟಿದ್ದೆ. ಅದು ಇದ್ದರೆ ಪ್ಯಾಕೆಟ್‌ಗಳು ಎಸ್‌ಕ್ಯೂಎಂ ಕಡೆ ಸುಳಿಯದೆಯೇ ದಾಟಿಹೋಗುತ್ತವೆ. ಅದನ್ನು ಆಫ್ ಮಾಡಿ, ಸಾಲು ಮೋಡೆಮ್‌ನಲ್ಲಿ ಬೆಳೆಯದೆ ನಮ್ಮ ರೂಟರ್‌ನಲ್ಲೇ ನಿಲ್ಲುವಂತೆ ವೇಗವನ್ನು ಎರಡೂ ದಿಕ್ಕಿಗೆ 92 ಎಂಬಿಪಿಎಸ್‌ಗೆ ಇಳಿಸಿದೆ. ಹೆಸರು, ಪಾಸ್‌ವರ್ಡ್ ಕೊಟ್ಟು ಸೇರುವ ಪಿಪಿಪಿಒಇ ಬಗೆಯ ಸಂಪರ್ಕವಾದ್ದರಿಂದ ಪ್ರತಿ ಪ್ಯಾಕೆಟ್‌ನ ಹೆಚ್ಚುವರಿ ಹೊರೆಯನ್ನು 44 ಬೈಟ್ ಎಂದು ಧಾರಾಳವಾಗಿಯೇ ಇಟ್ಟಿದ್ದೇನೆ. ಹಣ ಕೊಟ್ಟ ವೇಗದಲ್ಲಿ ಎಂಟು ಎಂಬಿಪಿಎಸ್ ಬಿಟ್ಟುಕೊಡಬೇಕೇ ಎಂದು ಅಣ್ಣ ಗೊಣಗಿದ್ದು ನಿಜ, ಆದರೆ ಅದರ ಕೊರತೆ ಇದುವರೆಗೆ ಯಾರ ಗಮನಕ್ಕೂ ಬಂದಿಲ್ಲ. ಅಮ್ಮನ ಫೋಟೊಗಳು ಹೋಗುತ್ತಿರುವಾಗಲೂ ತಮ್ಮನ ಪಿಂಗ್ ಈಗ 28ರಿಂದ 33ರ ಒಳಗೆ ಇರುತ್ತದೆ.

ಈ ಅವಧಿಯಲ್ಲಿ ತೊಂದರೆಗಳೇ ಇರಲಿಲ್ಲವೆಂದಲ್ಲ. ನಾವು ನಮೂದಿಸಿದ ವೇಗ ನಿಜಕ್ಕೂ ಸಿಗುತ್ತಿದ್ದರೆ ಮಾತ್ರ ಕೇಕ್ ಸರಿಯಾಗಿ ಕೆಲಸ ಮಾಡುತ್ತದೆ. ಕಳೆದ ಬೇಸಿಗೆ ರಜೆಯಲ್ಲಿ ಸಂಜೆ ಹೊತ್ತು ನಮ್ಮ ಸಂಪರ್ಕದ ವೇಗ 85ಕ್ಕೆ ಕುಸಿಯುತ್ತಿತ್ತು, ಆಗ ಸಾಲು ಮತ್ತೆ ಹೊರಗೆ ಬೆಳೆದು ಹಳೆಯ ಲ್ಯಾಗ್ ಮರಳಿತು. ಎರಡು ತಿಂಗಳು 80ಕ್ಕೆ ಇಳಿಸಿಟ್ಟು ದೂಡಿದೆವು. ಫರ್ಮ್‌ವೇರ್ ನವೀಕರಿಸಿದಾಗ ಎಸ್‌ಕ್ಯೂಎಂ ಪ್ಯಾಕೇಜನ್ನು ಮರಳಿ ಹಾಕಬೇಕೆಂಬುದನ್ನು ಒಮ್ಮೆ ಮರೆತು ಬೈಸಿಕೊಂಡಿದ್ದೂ ಉಂಟು. ವೈಫೈನ ಏರುಪೇರಿಗಂತೂ ಇದು ಮದ್ದಲ್ಲ. ಎರಡು ಗೋಡೆಗಳಾಚೆ ಇರುವ ತಮ್ಮನ ಕೋಣೆಯಲ್ಲಿ ಆಗಾಗ ಪ್ಯಾಕೆಟ್ ಕಳೆದುಹೋಗುತ್ತಿದ್ದುದು ನಿಂತಿದ್ದು ಇಪ್ಪತ್ತು ಮೀಟರ್ ಕ್ಯಾಟ್6 ನೆಟ್‌ವರ್ಕ್ ಕೇಬಲ್ ಎಳೆದ ಮೇಲೆಯೇ. ನನ್ನನ್ನು ಕೇಳಿದವರಿಗೆಲ್ಲ ಮೊದಲು ಕೇಬಲ್ ಎಳೆಯಿರಿ, ಆಮೇಲೆ ಉಳಿದದ್ದು ಎನ್ನುತ್ತೇನೆ.

ದೂರವನ್ನೂ ಯಾವ ರೂಟರ್ ಕಡಿಮೆ ಮಾಡಲಾರದು. ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಸಾಗುತ್ತದೆ. ಮೂರು ಸಾವಿರ ಕಿಲೋಮೀಟರಿಗೂ ಆಚೆ ಇರುವ ಸಿಂಗಪುರದ ಸರ್ವರ್‌ಗೆ ಹೋಗಿಬರಲು ನೇರ ದಾರಿಯಲ್ಲೇ 30 ಮಿಲಿಸೆಕೆಂಡ್ ಬೇಕು, ಕೇಬಲ್‌ಗಳ ಸುತ್ತುದಾರಿಯಲ್ಲಿ ಇನ್ನೂ ಹೆಚ್ಚು. ಅಲ್ಲಿನ ಗೆಳೆಯರೊಡನೆ ಆಡುವಾಗ ತಮ್ಮನ ಆಕ್ಷೇಪಣೆಗೆ ನನ್ನಲ್ಲಿ ಉತ್ತರವಿಲ್ಲ.

ಇಂಟರ್‌ನೆಟ್ ಕೊಡುವ ಕೇಬಲ್‌ನವರು ಈಗ 300 ಎಂಬಿಪಿಎಸ್ ಯೋಜನೆಗೆ ಬದಲಾಯಿಸಿಕೊಳ್ಳಿ ಎನ್ನುತ್ತಿದ್ದಾರೆ. ಕೇಕ್‌ನ ಲೆಕ್ಕಾಚಾರವೆಲ್ಲ ರೂಟರ್‌ನ ಸಿಪಿಯು ಮೇಲೆಯೇ ನಡೆಯುವುದರಿಂದ, ಅವರು ಒಂದು ವಾರ ಆ ವೇಗ ಕೊಟ್ಟು ನೋಡಿದಾಗ ನಮ್ಮ 880 ಮೆಗಾಹರ್ಟ್ಸ್ ಪ್ರೊಸೆಸರ್ ಸುಮಾರು 150ರ ಆಚೆಗೆ ಏರಲೇ ಇಲ್ಲ. ಇನ್ನೂ ಬಲವಾದ ರೂಟರ್ ಕೊಳ್ಳುವವರೆಗೆ 100ರ ಯೋಜನೆಯಲ್ಲೇ ಇರುತ್ತೇವೆಂದು ಅವರಿಗೆ ಹೇಳಿ ಕಳುಹಿಸಿದ್ದೇನೆ.