ಟಿಟಿ ಆಡುವ ಮಕ್ಕಳ ಪಾಲಕರೇ, ರಬ್ಬರ್ ಹಾಕಿಸಲು ಬ್ಯಾಟನ್ನು ಅಂಗಡಿಯಲ್ಲಿ ಬಿಟ್ಟು ಬರಬೇಡಿ

ಪೂರ್ತಿ ಓದಲು ಪುರುಸೊತ್ತಿಲ್ಲದವರಿಗೆ ಮೊದಲೇ ಹೇಳಿಬಿಡುತ್ತೇನೆ. ಟೇಬಲ್ ಟೆನಿಸ್ ಬ್ಯಾಟಿಗೆ ಹೊಸ ರಬ್ಬರ್ ಹಾಕಿಸುವಾಗ ಪ್ಯಾಕೆಟ್ ನಿಮ್ಮ ಕಣ್ಣೆದುರೇ ಒಡೆಯಬೇಕು. ಖಾಲಿ ಪ್ಯಾಕೆಟ್ ನಿಮ್ಮ ಕೈಗೇ ಬರಬೇಕು. "ಬಿಟ್ಟು ಹೋಗ್ರಿ, ಸಂಜಿಗೆ ಅಂಟಿಸಿ ಇಟ್ಟಿರ್ತೀವಿ" ಅಂದರೆ ಬ್ಯಾಟ್ ಎತ್ತಿಕೊಂಡು ಮನೆಗೆ ಬನ್ನಿ. ಇದೇ ಮಾತು ಕೆಳಗೆ ಮತ್ತೆ ಮತ್ತೆ ಬರುತ್ತದೆ. ಬೇಸರ ಮಾಡಿಕೊಳ್ಳಬೇಡಿ. ನನಗೆ ಇನ್ನೂ ಸಿಟ್ಟು ಇಳಿದಿಲ್ಲ.

ನಾವು ಬೆಳಗಾವಿಯ ಟಿಳಕವಾಡಿಯವರು. ಮಗಳು ಎಂಟನೇ ಕ್ಲಾಸು. ಇಷ್ಟು ದಿನ ರೆಡಿಮೇಡ್ ಬ್ಯಾಟಿನಲ್ಲೇ ಆಡುತ್ತಿದ್ದಳು. ಅದರ ರಬ್ಬರ್ ಸತ್ತುಹೋಗಿತ್ತು, ಚೆಂಡಿಗೆ ಸ್ಪಿನ್ನೇ ಹತ್ತುತ್ತಿರಲಿಲ್ಲ. ಅವಳ ಮಾಮಾ ಪುಣೆಯಿಂದ ಬರುವಾಗ ಸ್ಟಿಗಾ ಆಲ್‌ರೌಂಡ್ ಕ್ಲಾಸಿಕ್ ಪ್ಲೈ ತಂದುಕೊಟ್ಟ. ಪ್ಲೈ ಅಂದರೆ ರಬ್ಬರ್ ಹಚ್ಚದ ಬರೀ ಮರದ ಬ್ಯಾಟು, ಇದು ಐದು ಪದರದ್ದು. ಇನ್ನು ಬೇಕಾಗಿದ್ದದ್ದು ಎರಡು ರಬ್ಬರ್ ಮಾತ್ರ.

ಯಾವುದು ಅಂತ ಕೋಚ್ ಸರ್ ಸ್ಪಷ್ಟವಾಗಿ ಹೇಳಿದ್ದರು. ಎರಡೂ ಕಡೆ ಬಟರ್‌ಫ್ಲೈ ಕಂಪನಿಯ ರೊಜೆನಾ ರಬ್ಬರ್, ಅದರ ಅಡಿಯ ಸ್ಪಂಜು 1.9 ಮಿ.ಮೀ. ರೊಜೆನಾ 1.7, 1.9, 2.1 ಹೀಗೆ ಮೂರು ದಪ್ಪದಲ್ಲಿ ಸಿಗುತ್ತದೆ. ಸ್ಪಂಜು ದಪ್ಪ ಆದಷ್ಟೂ ಚೆಂಡು ಜೋರಾಗಿ ಹಾರುತ್ತದೆ, ಕೈಯಳತೆ ತಪ್ಪುತ್ತದೆ. ಸ್ಟ್ರೋಕ್ ಇನ್ನೂ ಕುದುರುತ್ತಿರುವ ಹುಡುಗಿಗೆ ನಡುವಿನದೇ ಸಾಕು, ಅದೇ ಕಂಪನಿಯ ಇನ್ನೂ ಜೋರಿನ ರಬ್ಬರ್ ಟೆನರ್ಜಿ ಕಡೆ ಈಗಲೇ ಹೋಗಬೇಡಿ ಅಂದಿದ್ದರು. ನಾನು ಅದನ್ನು ಚೀಟಿಯಲ್ಲಿ ಬರೆದುಕೊಂಡೇ ಹೋಗಿದ್ದೆ.

ಅಂಗಡಿ ಪೇಟೆಯಲ್ಲಿದೆ. ಹೆಸರು ಬರೆಯುವುದಿಲ್ಲ, ದೂರು ಕೊಟ್ಟಿದ್ದೇನೆ, ಅದು ನಡೆಯುತ್ತಿದೆ. ಕ್ರಿಕೆಟ್ ಪ್ಯಾಡು, ಕೇರಂ ಬೋರ್ಡು, ಟ್ರೋಫಿ ಎಲ್ಲ ಇಡುವ ಅಂಗಡಿ. ಚೀಟಿ ನೋಡಿದವನೇ ಮಾಲೀಕ ಶುರು ಮಾಡಿದ.

"ರೊಜೆನಾ ಯಾಕ್ರಿ ಸರ್, ಟೆನರ್ಜಿ ಝೀರೋ ಫೈವ್ ಹಾಕಸ್ರಿ. ದೊಡ್ಡ ದೊಡ್ಡ ಪ್ಲೇಯರ್ಸ್ ಎಲ್ಲಾ ಅದರಾಗ ಆಡೋದು."

ನಾನು ಒಪ್ಪಲಿಲ್ಲ. ಕೋಚ್ ಹೇಳಿದ್ದೇ ಬೇಕು ಅಂದೆ. ಆಗ ಮುಖ ಸ್ವಲ್ಪ ಸಣ್ಣದಾಯಿತು. ಒಳಗೆ ಹೋಗಿ ಬಂದು, "ಎರಡ ಪೀಸ್ ಅದಾವ್ರಿ, ಒಂದು ಕೆಂಪು ಒಂದು ಕರಿ. ನಿಮ್ಮ ನಸೀಬ ಚಲೋ ಐತಿ" ಅಂದ. ಎರಡೂ ಸೇರಿ 6,600 ರೂಪಾಯಿ. ಸಾವಿರ ಅಡ್ವಾನ್ಸ್ ಫೋನ್‌ಪೇ ಮಾಡಿದೆ. ಉಳಿದದ್ದು ನಗದು ಕೊಟ್ಟರೆ 200 ಬಿಡುತ್ತೇನೆ ಅಂದ. ಸರಿ ಅಂದೆ. ನಮ್ಮ ಕಡೆ ಅಂಗಡಿಗಳಲ್ಲಿ ಇದು ದಿನವೂ ನಡೆಯುವ ಮಾತು, ಅಲ್ವಾ?

ಆಮೇಲೆ ಬಂತು ಆ ಮಾತು. "ಮಳಿಗಾಲ ಐತ್ರಿ ಸರ್, ಹವಾದಾಗ ಪಸಿ ಭಾಳ. ಗಮ್ ಒಣಗಾಕ ಟೈಮ್ ಹಿಡಿತೈತಿ. ಪ್ಲೈ ಬಿಟ್ಟು ಹೋಗ್ರಿ, ಸಂಜಿಗೆ ರೆಡಿ ಇಟ್ಟಿರ್ತೀನಿ."

ಬೆಳಗಾವಿಯ ಜುಲೈ ಮಳೆ ಕಂಡವರು ಯಾರಾದರೂ ಇದನ್ನು ನಂಬುತ್ತಾರೆ. ಮಾತೂ ಸುಳ್ಳಲ್ಲ. ನೀರಿನ ಗಮ್ ಬೆಳ್ಳಗೆ ಇರುತ್ತದೆ, ಒಣಗಿ ಗಾಜಿನ ಹಾಗೆ ತಿಳಿಯಾದ ಮೇಲೆಯೇ ರಬ್ಬರ್ ಕೂರಿಸಬೇಕು. ತಂಪು ಹವೆಯಲ್ಲಿ ಅದು ನಿಧಾನವೇ. ನಿಜವಾದ ಮಾತೊಂದನ್ನು ಮುಂದೆ ಹಿಡಿದು ಹಿಂದಿನಿಂದ ಕತ್ತರಿ ಆಡಿಸಿದ. ಅದೇ ನನಗೆ ಸಹಿಸಲಾಗದ್ದು.

ಸಂಜೆ ಹೋದಾಗ ಬ್ಯಾಟ್ ಸಿದ್ಧವಿತ್ತು. ಸುತ್ತ ಅಗಲವಾದ ಸೈಡ್ ಟೇಪ್, ಎರಡೂ ಮುಖದ ಮೇಲೆ ಪ್ಲಾಸ್ಟಿಕ್ ಹಾಳೆ. ನೋಡಲು ಚೆಂದವೇ.

"ಪ್ಯಾಕೆಟ್ ಎಲ್ಲಿ ಅದಾವ್ರಿ?" ಅಂದೆ.

"ಕಸದಾಗ ಹೋದುವ್ರಿ ಸರ್. ಏನ್ ಮಾಡ್ತೀರಿ ಖಾಲಿ ಕವರ್ ತುಗೊಂಡು?"

ಬಿಲ್ ಕೇಳಿದೆ. ಎಸ್ಟಿಮೇಟ್ ಅಂತ ಅಚ್ಚಾದ ಒಂದು ಕಚ್ಚಾ ಚೀಟಿ ಹರಿದುಕೊಟ್ಟ. ಅದರಲ್ಲಿ ಬರೆದದ್ದು "ಟಿಟಿ ರಬ್ಬರ್, 2 ನಗ" ಅಂತ ಅಷ್ಟೇ. ಕಂಪನಿ ಹೆಸರಿಲ್ಲ, ರೊಜೆನಾ ಅಂತಿಲ್ಲ, 1.9 ಅಂತಿಲ್ಲ. "ಜಿಎಸ್‌ಟಿ ಬಿಲ್ ಬೇಕಂದ್ರ ಮ್ಯಾಲ ಟ್ಯಾಕ್ಸ್ ಆಗತೈತ್ರಿ" ಅಂದ.

ಮನೆಗೆ ಬಂದ ಕೂಡಲೇ ಮಗಳು ಬ್ಯಾಟನ್ನು ಮೂಗಿನ ಹತ್ತಿರ ಹಿಡಿದಳು. "ಅಪ್ಪಾ, ಇದು ಪಂಕ್ಚರ್ ಅಂಗಡಿ ವಾಸನಿ ಬರಾಕತ್ತೈತಿ" ಅಂದಳು. ನಿಜ, ಸೈಕಲ್ ಟ್ಯೂಬಿಗೆ ಹಚ್ಚುವ ಸೊಲ್ಯೂಷನ್ ವಾಸನೆ. ಹಾಗಾದರೆ ನೀರಿನ ಗಮ್ ಎಲ್ಲಿ ಹೋಯಿತು? ಮಳೆ, ಪಸೆ, ಒಣಗುವ ಕಥೆ ಎಲ್ಲಿ ಹೋಯಿತು? ಇಂಥ ಘಾಟು ಗಮ್ಮನ್ನು ಅಂತರರಾಷ್ಟ್ರೀಯ ಟೇಬಲ್ ಟೆನಿಸ್ ಸಂಸ್ಥೆ ಐಟಿಟಿಎಫ್ 2008ರಲ್ಲೇ ಬಂದ್ ಮಾಡಿದೆ. ಮಕ್ಕಳ ಆರೋಗ್ಯದ ಪ್ರಶ್ನೆಯೂ ಅದರಲ್ಲಿದೆ. ಫೋನ್ ಮಾಡಿದೆ. "ಹೊಸಾ ರಬ್ಬರಿನ ವಾಸನಿ ಅದು, ಎರಡ ದಿನಕ್ಕ ಹೋಗತೈತಿ" ಅಂತ ಇಟ್ಟೇಬಿಟ್ಟ.

ಆಡಲು ಶುರು ಮಾಡಿದಳು. ಫೋರ್‌ಹ್ಯಾಂಡ್ ಟಾಪ್‌ಸ್ಪಿನ್ ಹೊಡೆದರೆ ಚೆಂಡು ಜಾರಿ ನೆಟ್ಟಿಗೆ. ಬ್ಯಾಕ್‌ಹ್ಯಾಂಡ್ ಕಡೆಯ ಕರಿ ರಬ್ಬರ್ ಚಪ್ಪಲಿಯ ಅಟ್ಟೆಯಷ್ಟು ಗಟ್ಟಿ. ಕೋಚ್ ಸರ್ ಆಗ ಊರಲ್ಲಿರಲಿಲ್ಲ, ಬೇರೆ ಕಡೆ ಕ್ಯಾಂಪಿಗೆ ಹೋಗಿದ್ದರು. ಮತ್ತೆ ಅಂಗಡಿಗೆ ಫೋನ್ ಮಾಡಿದರೆ, "ಹೊಸಾ ರಬ್ಬರ್ ಸೆಟ್ ಆಗಾಕ ಟೈಮ್ ಬೇಕ್ರಿ. ರೆಡಿಮೇಡಿನಾಗ ಆಡಿದ ಕೈ ಅಲ್ಲೇನ್ರಿ" ಅಂತ ಉತ್ತರ. ಮಗು ಅದನ್ನೇ ನಂಬಿತು. ತನ್ನ ಕೈಯೇ ಸರಿಯಿಲ್ಲ ಅಂತ ಒಂದೇ ಹೊಡೆತವನ್ನು ತಾಸುಗಟ್ಟಲೆ ಹೊಡೆಯುತ್ತಿದ್ದಳು. ಇದನ್ನು ಬರೆಯುವಾಗಲೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಹುಬ್ಬಳ್ಳಿಯಲ್ಲಿ ಒಂದು ಟೂರ್ನಿ ಇತ್ತು. ಮ್ಯಾಚ್‌ಗೆ ಮೊದಲು ಆಟಗಾರರು ಬ್ಯಾಟನ್ನು ಎದುರಾಳಿಗೂ ಅಂಪೈರ್‌ಗೂ ತೋರಿಸಬೇಕು, ನಿಯಮವೇ ಹಾಗಿದೆ. ಅಂಪೈರ್ ಮೇಡಂ ಕೆಂಪು ಬದಿ ನೋಡಿದರು, ಹುಬ್ಬು ಗಂಟಿಕ್ಕಿದರು, ಏನೂ ಅನ್ನಲಿಲ್ಲ. ಕರಿ ಬದಿ ತಿರುಗಿಸಿದರು. ಹಿಡಿಕೆಯ ಹತ್ತಿರ ಹೆಬ್ಬೆರಳಿನಿಂದ ಉಜ್ಜಿದರು. ಬೆಳಕಿಗೆ ಹಿಡಿದರು. ಮತ್ತೆ ಉಜ್ಜಿದರು.

"ಐಟಿಟಿಎಫ್ ಮಾರ್ಕ್ ಎಲ್ಲಿದೆ ಇದರಲ್ಲಿ? ಈ ರಬ್ಬರ್ ನಡೆಯಲ್ಲ. ಬೇರೆ ಬ್ಯಾಟ್ ತಗೊಂಡು ಬಾ."

ಸುತ್ತ ಪಾಲಕರು, ಬೇರೆ ಊರಿನ ಮಕ್ಕಳು, ಎದುರು ಆಡುವ ಹುಡುಗಿಯ ಕೋಚ್, ಎಲ್ಲರೂ ನಮ್ಮನ್ನೇ ನೋಡುತ್ತಿದ್ದರು. ಯಾರೋ ಹಿಂದಿನಿಂದ "ಡೂಪ್ಲಿಕೇಟ್ ಹಾಕ್ಯಾರ" ಅಂದದ್ದು ಕಿವಿಗೆ ಬಿತ್ತು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಗೆಳತಿಯ ಬ್ಯಾಟ್ ಇಸಿದುಕೊಂಡು ಆಡಿದಳು. ಮೂರಕ್ಕೆ ಮೂರೂ ಗೇಮ್ ಸೋತಳು. ಗೊತ್ತಿಲ್ಲದ ಬ್ಯಾಟಿನಲ್ಲಿ ಇನ್ನೇನಾಗುತ್ತದೆ? ವಾಪಸ್ ಬರುವಾಗ ಬಸ್ಸಿನಲ್ಲಿ ಕೇಳಿದಳು: "ಅಪ್ಪಾ, ಅವರೆಲ್ಲಾ ನಾನು ಮೋಸ ಮಾಡೀನಿ ಅಂತ ತಿಳ್ಕೊಂಡ್ರೇನು?"

ಹದಿಮೂರು ವರ್ಷದ ಹುಡುಗಿ ಕೇಳುವ ಪ್ರಶ್ನೆಯೇ ಇದು? ಮೋಸ ಮಾಡಿದವನು ಪೇಟೆಯಲ್ಲಿ ಗಲ್ಲಾ ಮುಂದೆ ಆರಾಮಾಗಿ ಕೂತಿದ್ದಾನೆ.

ಕೋಚ್ ಸರ್ ಬಂದ ಮೇಲೆ ಬ್ಯಾಟ್ ಬಿಚ್ಚಿದೆವು. ಮೊದಲು ಸೈಡ್ ಟೇಪ್ ತೆಗೆದರು. ಕೆಂಪು ರಬ್ಬರ್ ಪ್ಲೈನ ಅಂಚಿನವರೆಗೆ ಬಂದೇ ಇರಲಿಲ್ಲ. ಎಡಭಾಗದಲ್ಲಿ ಬೆರಳುಗುರು ಇಳಿಯುವಷ್ಟು ಖಾಲಿ ಜಾಗ. ಹೊಸ ರಬ್ಬರ್ ಚೌಕದ ಹಾಳೆಯಾಗಿ ಬರುತ್ತದೆ. ಪ್ಲೈಗಿಂತ ದೊಡ್ಡದು, ಅಂಟಿಸಿದ ಮೇಲೆ ಸುತ್ತ ಕತ್ತರಿಸುತ್ತಾರೆ. ಹಾಗಿರುವಾಗ ಕಡಿಮೆ ಬೀಳುವುದು ಹೇಗೆ? ಅದು ಬೇರೆ ಯಾರದೋ ಪ್ಲೈ ಅಳತೆಗೆ ಕತ್ತರಿಸಿದ ರಬ್ಬರ್, ಅದಕ್ಕೇ.

ಮೂಲೆಯಿಂದ ಎತ್ತಿದರು. ಕಿತ್ತು ಬಂದ ಸ್ಪಂಜಿನ ಹಿಂದೆ ಎರಡು ಥರದ ಗಮ್. ಮೇಲೆ ಸೊಲ್ಯೂಷನ್, ಅದರ ಕೆಳಗೆ ಹಳದಿಗಟ್ಟಿದ ಹಳೆಯ ಗಮ್ಮಿನ ಪೊರೆ. ಆ ಪೊರೆಯಲ್ಲಿ ಇನ್ನೊಂದು ಪ್ಲೈನ ಮರದ ಎಳೆಗಳ ಗೆರೆ ಕೂಡ ಅಚ್ಚಾಗಿತ್ತು. ಮುಂದಿನ ಮುಖದ ನಡುವೆ ಅಂಗೈಯಷ್ಟು ಜಾಗ ಸವೆದು ಬಿಳಿಚಿತ್ತು, ಅದರ ಮೇಲೆ ಯಾವುದೋ ಕ್ಲೀನರ್ ಉಜ್ಜಿ ಮಿಂಚಿಸಿದ್ದರು. ಯಾರೋ ಆಡಿ ಬಿಸಾಕಿದ ರಬ್ಬರ್ ಅದು. ನನ್ನ ಮಗಳಿಗೆ ಹೊಸದರ ರೇಟಿಗೆ ಮಾರಿದ್ದ.

ಕರಿಯದ್ದು ಇನ್ನೂ ಕೆಟ್ಟದ್ದು. ಅಸಲಿಯೇ ಅಲ್ಲ. ಹೆಸರಿನ ಅಕ್ಷರ ಮಸುಕು, ಐಟಿಟಿಎಫ್ ಗುರುತು ಇರಬೇಕಾದ ಕಡೆ ಏನೂ ಇಲ್ಲ. ಅಸಲಿ ರಬ್ಬರಿನಲ್ಲಿ ಹಿಡಿಕೆಯ ಕಡೆ ಕಂಪನಿ ಹೆಸರು, ರಬ್ಬರ್ ಹೆಸರು, ಐಟಿಟಿಎಫ್ ಗುರುತು ಉಬ್ಬಿಕೊಂಡಿರುತ್ತವೆ, ಜೊತೆಗೆ ಕಂಪನಿಯ ನಂಬರ್ ಮತ್ತು ರಬ್ಬರಿನ ನಂಬರ್ ನಡುವೆ ಅಡ್ಡಗೆರೆ ಇರುವ ಕೋಡ್. ಕಂಪನಿಯದು ಇದರಲ್ಲಿ ಯಾವ ತಪ್ಪೂ ಇಲ್ಲ, ಅವರ ಹೆಸರನ್ನೇ ಕದ್ದಿದ್ದಾರೆ.

ಮತ್ತೆ ಪ್ಲೈ! ನೀರಿನ ಗಮ್ ಆಗಿದ್ದರೆ ಪೊರೆಯಂತೆ ಎದ್ದು ಬರುತ್ತಿತ್ತು. ಸೊಲ್ಯೂಷನ್ ಹಚ್ಚಿದ್ದಕ್ಕೆ ಕರಿ ಬದಿ ಕೀಳುವಾಗ ಮೇಲ್ಪದರದ ಮರ ಉದ್ದುದ್ದ ಸಿಬಿರಾಗಿ ಎದ್ದಿತು. ಅವಳ ಮಾಮಾ ಪ್ರೀತಿಯಿಂದ ತಂದುಕೊಟ್ಟ ಪ್ಲೈ. ಕೋಚ್ ಸರ್ ಕೈ ಅಲ್ಲೇ ನಿಲ್ಲಿಸಿ ನನ್ನ ಮುಖ ನೋಡಿದರು.

ಬ್ಯಾಟ್ ಹಿಡಿದುಕೊಂಡೇ ಅಂಗಡಿಗೆ ಹೋದೆ. ಅವನ ಉತ್ತರಗಳನ್ನು ಇದ್ದಂತೆ ಬರೆಯುತ್ತೇನೆ, ನಾಳೆ ನಿಮಗೂ ಇವೇ ಸಿಗುತ್ತವೆ.

"ಕಂಪನಿಯಿಂದ ಹೆಂಗ ಬಂದೈತಿ ಹಂಗ ಕೊಟ್ಟೀನ್ರಿ." ಕಂಪನಿಯಿಂದ ಹಳೆ ಗಮ್ ಹಚ್ಚಿ ಬರುತ್ತದೆಯೇ ಅಂದೆ. "ನಿಮ್ಮ ಹುಡುಗಿ ಆಡಿ ಸವೆಸ್ಯಾಳ." ಅಂಚು ಕಡಿಮೆ ಆಗಿದ್ದೂ ಆಡಿಯೇ ಅಂದೆ. "ಮಳಿಗಾಲದಾಗ ರಬ್ಬರ್ ಜಗ್ಗತೈತ್ರಿ." ಮಾರ್ಕ್ ಇಲ್ಲ, ಅಂಪೈರ್ ಹೊರಗೆ ಹಾಕಿದರು ಅಂದೆ. "ಈಗ ರೂಲ್ಸ್ ಬದಲಾಗ್ಯಾವ್ರಿ, ಯಾವ ಬಣ್ಣ ಬೇಕಾದ್ರೂ ನಡೀತೈತಿ. ಆ ಅಂಪೈರ್‌ಗೆ ಏನ್ ಗೊತ್ತು?"

ಇದನ್ನು ಕೇಳಿ ಮೈಯೆಲ್ಲ ಉರಿಯಿತು. 2021ರ ಅಕ್ಟೋಬರಿನಿಂದ ಬದಲಾದದ್ದು ಕೆಂಪು ಬದಿ ಮಾತ್ರ. ಅದರ ಜಾಗದಲ್ಲಿ ನೀಲಿ, ಹಸಿರು, ಗುಲಾಬಿ, ನೇರಳೆ ಹಾಕಬಹುದು. ಇನ್ನೊಂದು ಬದಿ ಕಪ್ಪೇ ಇರಬೇಕು. ಯಾವ ಬಣ್ಣವಾದರೂ ಒಪ್ಪಿಗೆ ಪಡೆದ ರಬ್ಬರೇ ಆಗಿರಬೇಕು. ನಾನು ಬಣ್ಣದ ಬಗ್ಗೆ ಕೇಳಿರಲೇ ಇಲ್ಲ! ಪಾಲಕರಿಗೆ ಆಟ ಗೊತ್ತಿರುವುದಿಲ್ಲ ಅನ್ನುವ ಧೈರ್ಯದ ಮೇಲೆ ಏನು ಬಾಯಿಗೆ ಬಂತೋ ಅದನ್ನು ಹೇಳುತ್ತಾನೆ.

ಕೊನೆಗೆ ಬಿಲ್ ತೋರಿಸಿದೆ. "ಇದರಾಗ ರೊಜೆನಾ ಅಂತ ಎಲ್ಲೈತ್ರಿ?" ಅಂದ. ನಗುತ್ತಾ ಅಂದ. ಅಂಗಡಿಯಲ್ಲಿ ಇನ್ನಿಬ್ಬರು ಗಿರಾಕಿ ನಿಂತಿದ್ದರು, ಅವರೆದುರಿಗೇ. ಆ ಕಚ್ಚಾ ಚೀಟಿ ಯಾಕೆ ಹಾಗೆ ಬರೆದಿದ್ದ ಅಂತ ಅವತ್ತು ಅರ್ಥವಾಯಿತು. ಪ್ಯಾಕೆಟ್ ಕಸಕ್ಕೆ ಹೋದದ್ದು ಯಾಕೆ, 200 ಬಿಟ್ಟು ನಗದು ಕೇಳಿದ್ದು ಯಾಕೆ, ಎಲ್ಲ ಒಂದೇ ಸಲ ಅರ್ಥವಾಯಿತು. ಪ್ಲೈ ಕೈಗೆ ತಗೊಳ್ಳುವ ಮೊದಲೇ ಎಲ್ಲ ಲೆಕ್ಕ ಹಾಕಿಟ್ಟಿದ್ದ.

ಹೊಸದಾಗಿ ರಬ್ಬರ್ ಹಾಕಿಸುವವರು ದಯವಿಟ್ಟು ಇಷ್ಟು ಮಾಡಿ. ಸೀಲ್ ಇರುವ ಪ್ಯಾಕೆಟ್ ನೀವೇ ಒಡೆಯಿರಿ. ಸ್ಪಂಜಿನ ಹಿಂಭಾಗ ನೋಡಿ, ಗಮ್ಮಿನ ಕಲೆ ಒಂದಿಷ್ಟೂ ಇರಬಾರದು. ಹಾಳೆ ಚೌಕವಾಗಿ, ಕತ್ತರಿಸದೆ ಇರಬೇಕು. ಒಪ್ಪಿಗೆ ಪಡೆದ ರಬ್ಬರ್‌ಗಳ ಪಟ್ಟಿ ಐಟಿಟಿಎಫ್ ವೆಬ್‌ಸೈಟಿನಲ್ಲಿದೆ, ಅಲ್ಲೇ ನಿಂತು ಮೊಬೈಲಿನಲ್ಲಿ ಹೆಸರು ಹುಡುಕಿ. ಬಿಲ್ಲಿನಲ್ಲಿ ಕಂಪನಿ, ರಬ್ಬರ್, ದಪ್ಪ ಮೂರೂ ಬರೆಸಿ. ಅಂಟಿಸುವುದನ್ನು ಕೋಚ್ ಹತ್ತಿರ ಮಾಡಿಸಿ ಅಥವಾ ಎದುರಿಗೇ ಕೂತು ಮಾಡಿಸಿ, ಎಷ್ಟು ಹೊತ್ತಾದರೂ ಪರವಾಗಿಲ್ಲ. ಪ್ಯಾಕೆಟ್ ಕೇಳಿ. "ಖಾಲಿ ಕವರ್ ಯಾಕೆ" ಅಂದರೆ ಇನ್ನೂ ಗಟ್ಟಿಯಾಗಿ ಕೇಳಿ.

ನಾನು ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ದಾಖಲಿಸಿದ್ದೇನೆ. ಫೋನ್‌ಪೇ ದಾಖಲೆ, ಕಿತ್ತ ರಬ್ಬರ್‌ಗಳ ಫೋಟೋ, ಅವನ ಮೆಸೇಜುಗಳು ಎಲ್ಲ ಇಟ್ಟುಕೊಂಡಿದ್ದೇನೆ. ದೂರು ಹೋದ ಮೇಲೆ ಧ್ವನಿ ಬದಲಾಗಿದೆ. "ಅಣ್ಣಾರ, ಹೊಂದಿಸ್ಕೊಂಡು ಹೋಗೂಣ್ರಿ, 1,500 ವಾಪಸ್ ಕೊಡ್ತೀನಿ, ದೂರು ತೆಗೀರಿ" ಅಂತ ವಾಟ್ಸಾಪ್ ಕಳಿಸಿದ್ದಾನೆ. ನಾನು ತೆಗೆಯುವುದಿಲ್ಲ. ನನಗೆ ಪೂರ್ತಿ 6,400 ಬೇಕು, ಹಾಳಾದ ಪ್ಲೈ ದುಡ್ಡೂ ಬೇಕು. ಇಲ್ಲಿ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ.

ಬೆಳಗಾವಿಯಲ್ಲಿ ಇತ್ತೀಚೆಗೆ ಪ್ಯಾಕೆಟ್ ಸಿಗದೆ ರಬ್ಬರ್ ಹಾಕಿಸಿಕೊಂಡವರು ಇದ್ದರೆ ಇವತ್ತೇ ಸೈಡ್ ಟೇಪ್ ಬಿಚ್ಚಿ ಅಂಚು ನೋಡಿ, ಹಿಡಿಕೆಯ ಹತ್ತಿರ ಮಾರ್ಕ್ ಇದೆಯಾ ನೋಡಿ. ಇಲ್ಲದಿದ್ದರೆ ರಬ್ಬರ್ ಕೀಳುವ ಮೊದಲು ಫೋಟೋ ತೆಗೆದು ನನಗೆ ಕಳಿಸಿ, ನನ್ನ ದೂರಿನ ಜೊತೆ ನಿಮ್ಮದನ್ನೂ ಸೇರಿಸುತ್ತೇನೆ.