ಜಾಕ್ಸನ್ ಕ್ಯಾತಿಟರ್: ದೊಡ್ಡ ಬೆಕ್ಕಿಗೆ ಒಪ್ಪುತ್ತೆ, ಮರಿಗೆ ಹುಷಾರು

ಮೂತ್ರ ಕಟ್ಟಿದ ಗಂಡು ಬೆಕ್ಕಿಗೆ ಹಾಕುವ ಜಾಕ್ಸನ್ ಕ್ಯಾತಿಟರ್ ಅನ್ನುವ ಈ ನಳಿಗೆ ಎರಡು ಅಳತೆಯಲ್ಲಿ ಬರುತ್ತೆ: 3 ಫ್ರೆಂಚ್ ಅಂದರೆ 1 ಮಿ.ಮೀ. ದಪ್ಪ, 4 ಫ್ರೆಂಚ್ ಅಂದರೆ 1.3 ಮಿ.ಮೀ. ಉದ್ದ 11 ಸೆಂ.ಮೀ. ಒಳಗೊಂದು ಸಣ್ಣ ತಂತಿ, ತುದಿಯ ಪಕ್ಕಕ್ಕೆ ತೂತು, ಬುಡದಲ್ಲಿ ಹೊಲಿಗೆ ಹಾಕಲು ಬಿಲ್ಲೆ. ದಾವಣಗೆರೆಯ ಮೆಡಿಕಲ್ ಶಾಪ್‌ಗಳಲ್ಲಿ ಕೇಳಿದ ತಕ್ಷಣ ಸಿಗುವುದು ಕೂಸುಗಳ ಫೀಡಿಂಗ್ ಟ್ಯೂಬ್. ಅದರ 5ನೇ ನಂಬರ್ ಸುಮಾರು 1.7 ಮಿ.ಮೀ. ದಪ್ಪ, ಮೆತ್ತಗೆ ಬೇರೆ. ಬೆಕ್ಕಿನ ಶಿಶ್ನದ ತುದಿಯಲ್ಲೇ ಮಡಚಿಕೊಳ್ಳುತ್ತೆ. ಹಾಗಾಗಿ ಜಾಕ್ಸನ್ ಮೊದಲೇ ತರಿಸಿಟ್ಟುಕೊಳ್ಳುವುದು ಮೇಲು.

ದೊಡ್ಡ ಬೆಕ್ಕಿನಲ್ಲಿ ಕೆಲಸ ಚೊಕ್ಕ. ಅರಿವಳಿಕೆ ಕೊಟ್ಟು, ಶಿಶ್ನವನ್ನು ಬೆನ್ನುಮೂಳೆಗೆ ಸಮಾನಾಂತರವಾಗಿ ಹಿಂದಕ್ಕೆ ಎಳೆದರೆ ಮೂತ್ರ ಹೊರಬರುವ ನಾಳದ ಡೊಂಕು ನೇರವಾಗುತ್ತೆ. ತುದಿ ಹೊಕ್ಕ ಮೇಲೆ ತಂತಿ ತೆಗೆದು, ಸಲೈನ್ ಬಿಡುತ್ತಾ ಮುಂದೆ ಸಾಗಬೇಕು. ಹರಳು ಕಟ್ಟಿದ್ದರೆ ಮರಳು ಮರಳಾಗಿ ಕೈಗೆ ತಿಳಿಯುತ್ತೆ, ಸಲೈನ್ ಒತ್ತಡಕ್ಕೆ ಸಡಿಲವಾಗುತ್ತೆ.

ಎಚ್ಚರ ಬೇಕಿರುವುದು ಮರಿಗಳಲ್ಲಿ. ಮರಿ ತಿಣುಕಿದರೆ ಮನೆಯವರು ಮಲ ಕಟ್ಟಿದೆ ಅಂದುಕೊಂಡು ಹರಳೆಣ್ಣೆ ಕುಡಿಸಿರುತ್ತಾರೆ. ನಳಿಗೆ ಮುಟ್ಟುವ ಮೊದಲು ಮುಂದೊಗಲು ನೋಡಿ. ಹುಟ್ಟಿನಿಂದಲೇ ಅದರ ಬಾಯಿ ಸೂಜಿಮೊನೆಯಷ್ಟಿದ್ದರೆ ಮೂತ್ರ ಒಳಗೇ ತುಂಬಿ, ತೊಗಲು ಗುಳ್ಳೆಯಂತೆ ಉಬ್ಬುತ್ತೆ, ಒತ್ತಿದರೆ ತೊಟ್ಟಿಕ್ಕುತ್ತೆ. ಅದಕ್ಕೆ ಬೇಕಾದ್ದು ಬಾಯಿ ಅಗಲಿಸುವ ಶಸ್ತ್ರಚಿಕಿತ್ಸೆ. ತೀರಾ ಎಳೆಯ ಮರಿಯಲ್ಲಿ ಶಿಶ್ನ ತೊಗಲಿಗೆ ಅಂಟಿಕೊಂಡೇ ಇರಬಹುದು, ಬಲವಂತವಾಗಿ ಹೊರಗೆಳೆಯಬೇಡಿ.

ನಾಳವೇ ಕಿರಿದಾಗಿದ್ದರೆ ನಳಿಗೆ ಪ್ರತಿಸಲ ಒಂದೇ ಜಾಗದಲ್ಲಿ ನಯವಾಗಿ ನಿಲ್ಲುತ್ತೆ, ಸಲೈನ್ ವಾಪಸ್ ಬರುತ್ತೆ, ಮರಳಿನ ಸುಳಿವೇ ಇರಲ್ಲ. ಇಲ್ಲಿ ತಳ್ಳಿದರೆ ಗಡುಸಾದ ಜಾಕ್ಸನ್ ಗೋಡೆ ತೂರಿ ಸುಳ್ಳು ದಾರಿ ಮಾಡುತ್ತೆ, ಮೂತ್ರ ಮಾಂಸಕ್ಕೆ ಸೋರುತ್ತೆ. ಡ್ರಿಪ್‌ಗೆ ಬಳಸುವ, ಸೂಜಿ ತೆಗೆದ 24 ಗೇಜಿನ ಹಳದಿ ಕ್ಯಾನುಲಾ 0.7 ಮಿ.ಮೀ. ಅಷ್ಟೆ, ತುದಿಯಲ್ಲಿಟ್ಟು ಸಲೈನ್ ಬಿಡಲು ಮರಿಗೆ ಅದೇ ವಾಸಿ. ಎಲ್ಲಿ ಕಿರಿದಾಗಿದೆ ಅನ್ನುವುದನ್ನು ನಾಳಕ್ಕೆ ಅಯೊಹೆಕ್ಸಾಲ್ (ಎಕ್ಸ್‌ರೇಯಲ್ಲಿ ಎದ್ದು ಕಾಣುವ ದ್ರವ) ಬಿಟ್ಟು ತೆಗೆದ ಎಕ್ಸ್‌ರೇ ತೋರಿಸುತ್ತೆ. ಕಿಡ್ನಿಯಿಂದ ಇಳಿಯುವ ನಾಳದ ತಡೆಯನ್ನು ಈ ನಳಿಗೆ ಮುಟ್ಟುವುದೂ ಇಲ್ಲ. ಕಿಡ್ನಿ ಊದಿದೆಯಾ ಅಂತ ಸ್ಕ್ಯಾನಿಂಗ್‌ನಲ್ಲೇ ನೋಡಬೇಕು.

ಇನ್ನೊಂದು ಕೊರತೆ: ಗಡುಸಾದ್ದರಿಂದ ದಿನಗಟ್ಟಲೆ ಒಳಗೆ ಬಿಡುವಂಥದ್ದಲ್ಲ, ಮೂತ್ರಕೋಶದ ಗೋಡೆ ಉಜ್ಜಿ ರಕ್ತ ಬರುತ್ತೆ. ಅದಕ್ಕೆ ಮೆತ್ತನೆಯ ಪಾಲಿಯುರೆಥೇನ್ ನಳಿಗೆ ಬೇಕು. ಒಮ್ಮೆ ಬಳಸಿದ್ದನ್ನು ಕುದಿಸಿ ಮತ್ತೊಂದು ಬೆಕ್ಕಿಗೆ ಹಾಕಬೇಡಿ.

ನಳಿಗೆ ಹೋಗದಿದ್ದರೆ ಸ್ಕ್ಯಾನಿಂಗ್ ನೋಡಿಕೊಂಡು 23 ಗೇಜ್ ಸೂಜಿಯಿಂದ ಹೊಟ್ಟೆಯ ಮೂಲಕ ಮೂತ್ರಕೋಶ ಖಾಲಿ ಮಾಡಿ, ರಕ್ತದಲ್ಲಿ ಪೊಟ್ಯಾಸಿಯಂ ಎಷ್ಟಿದೆ ನೋಡಿ, ಡ್ರಿಪ್ ಹಾಕಿಯೇ ಶಿವಮೊಗ್ಗ ಅಥವಾ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೆ ಕಳಿಸಿ. ಚೀಟಿಯಲ್ಲಿ ನಳಿಗೆ ಎಷ್ಟನೇ ಸೆಂ.ಮೀ.ಗೆ ನಿಂತಿತು ಅನ್ನುವುದನ್ನು ತಪ್ಪದೆ ಬರೆಯಿರಿ.